ಟೆಸ್ಲಾ ಕಾಯಿಲ್‌ನ ಕಿಡಿ ಕುಗ್ಗಿದೆಯೇ? ಪ್ರೈಮರಿ ಸುರುಳಿ ಮತ್ತು ಅದರ ಆಸರೆಯಲ್ಲಿ ದೋಷ ಹುಡುಕುವ ಬಗೆ

ಏಪ್ರಿಲ್‌ನಲ್ಲಿ ನನ್ನ ಟೆಸ್ಲಾ ಕಾಯಿಲ್, ಅಂದರೆ ಗಾಳಿಯಲ್ಲಿ ಉದ್ದನೆಯ ಕಿಡಿ ಹಾರಿಸುವ ಹೈ ವೋಲ್ಟೇಜ್ ಯಂತ್ರ, ಹತ್ತಿರ ಹತ್ತಿರ ಎರಡು ಅಡಿ ಕಿಡಿ ಬಿಡುತ್ತಿತ್ತು. ಜುಲೈನಲ್ಲಿ ಅದೇ ಕಾಯಿಲ್, ಅದೇ ಟ್ಯಾಪ್ (ಪ್ರೈಮರಿ ಸುರುಳಿಗೆ ತಂತಿ ಸೇರುವ ಜಾಗ), ಅದೇ ಸ್ಪಾರ್ಕ್ ಗ್ಯಾಪ್ (ಸ್ವಿಚ್ಚಿನಂತೆ ಕೆಲಸ ಮಾಡುವ ಕಿಡಿಯ ಸಂದು). ಕಿಡಿ ಮಾತ್ರ ಒಂದು ಗೇಣು.

ಟ್ಯೂನಿಂಗ್ ತಪ್ಪಿದೆ, ಅಂದರೆ ಕೆಳಗಿನ ಪ್ರೈಮರಿ ಸುರುಳಿಯ ಮತ್ತು ನಡುವೆ ನಿಂತ ಎತ್ತರದ ಸೆಕೆಂಡರಿ ಸುರುಳಿಯ ಫ್ರೀಕ್ವೆನ್ಸಿ ಒಂದಕ್ಕೊಂದು ಹೊಂದುತ್ತಿಲ್ಲ ಅಂದುಕೊಂಡೆ. ಟ್ಯಾಪನ್ನು ಅತ್ತ ಸರಿಸಿದೆ, ಇತ್ತ ಸರಿಸಿದೆ. ಗ್ಯಾಪ್ ಬಿಚ್ಚಿ ಉಜ್ಜಿದೆ. ವಿದ್ಯುತ್ ತುಂಬಿಡುವ ಕೆಪಾಸಿಟರ್‌ಗಳನ್ನು ಒಂದೊಂದಾಗಿ ಅಳೆದೆ. ಎಲ್ಲವೂ ಸರಿಯಾಗಿಯೇ ಇದ್ದವು. ಹೀಗೆ ಎರಡು ವಾರ ಹೋಯಿತು. ಕೊನೆಗೆ ಒಂದು ರಾತ್ರಿ ಕೋಣೆಯ ದೀಪ ಆರಿಸಿ ಐದು ಸೆಕೆಂಡ್ ಓಡಿಸಿದೆ. ಮೇಲೆ ಟೋರಾಯ್ಡ್ (ಕಿಡಿ ಹೊರಡುವ, ಬಳೆಯಾಕಾರದ ಲೋಹದ ತಲೆ) ಕಡೆ ನೋಡದೆ ಕೆಳಗೆ ನೋಡಿದೆ. ಪ್ರೈಮರಿಯನ್ನು ಹೊತ್ತಿದ್ದ ಪ್ಲೈವುಡ್ ಪಟ್ಟಿಯ ಒಳಗಿಂದ ಕೆಂಪನೆಯ ಗೆರೆಯೊಂದು ಮಿನುಗುತ್ತಿತ್ತು. ಮೂರನೇ ಸುತ್ತಿನಿಂದ ಆರನೇ ಸುತ್ತಿನವರೆಗೆ ಹಬ್ಬಿತ್ತು. ಮಲೆನಾಡಿನ ಮಳೆಗಾಲದ ತೇವವನ್ನು ಆ ಪಟ್ಟಿ ಹೀರಿಕೊಂಡಿತ್ತು. ಆ ತೇವದಲ್ಲಿ ಕರೆಂಟ್ ಹರಿದು ಮರ ಸುಟ್ಟು, ಸುಟ್ಟ ಜಾಗ ಇದ್ದಿಲಾಗಿತ್ತು. ಮೇಲೆ ಹೋಗಬೇಕಿದ್ದ ಶಕ್ತಿ ಅಲ್ಲೇ ಬಿಸಿಯಾಗಿ ಕರಗುತ್ತಿತ್ತು.

ಅಂದಿನಿಂದ ಕಿಡಿ ಕುಗ್ಗಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಟ್ಯಾಪ್ ಎಲ್ಲಿದೆ ಅಂತ ಅಲ್ಲ. ಪ್ರೈಮರಿ ಯಾವುದರ ಮೇಲೆ ಕೂತಿದೆ ಅಂತ. ಟ್ಯೂನಿಂಗ್ ದೋಷದಂತೆ ಕಾಣುವ ಎಷ್ಟೋ ತೊಂದರೆಗಳು ಆಸರೆಯಲ್ಲಿ, ಜೋಡಣೆಯಲ್ಲಿ, ತಂತಿ ಹೋದ ದಾರಿಯಲ್ಲಿ ಇರುತ್ತವೆ. ಟ್ಯಾಪ್ ಸರಿಸುವುದು ಸುಲಭದ ಕೆಲಸ. ಅದಕ್ಕೇ ಎಲ್ಲರ ಕೈಯೂ ಮೊದಲು ಅಲ್ಲಿಗೆ ಹೋಗುತ್ತದೆ.

ಮುಟ್ಟುವ ಮೊದಲು

ಇಲ್ಲಿ ಹೇಳುವುದೆಲ್ಲ ಸ್ಪಾರ್ಕ್ ಗ್ಯಾಪ್ ಇರುವ, ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್‌ನಿಂದ ನಡೆಯುವ ಕಾಯಿಲ್ ಬಗ್ಗೆ. 9,000 ವೋಲ್ಟ್, 30 ಮಿಲಿಆಂಪಿಯರ್‌ನ ಟ್ರಾನ್ಸ್‌ಫಾರ್ಮರ್ ಮನುಷ್ಯನನ್ನು ಕೊಲ್ಲಬಲ್ಲದು. ಟೋರಾಯ್ಡ್‌ನ ಕಿಡಿ ಮುಟ್ಟಿದರೆ ಏನೂ ಆಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಪ್ರೈಮರಿ ಅಂತೂ ನೇರವಾಗಿ ಆ ಟ್ರಾನ್ಸ್‌ಫಾರ್ಮರ್‌ಗೆ ಸೇರಿದೆ. ಅದನ್ನು ಮುಟ್ಟಿದವರಿಗೆ ಎರಡನೇ ಅವಕಾಶ ಸಿಗದೇ ಹೋಗಬಹುದು.

ಪ್ರತಿ ಸಲ ಕೈ ಹಾಕುವ ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಜಾಗದಲ್ಲಿ ಇಡಿ. ಸ್ವಿಚ್ ಆರಿಸಿದರೆ ಸಾಲದು. ಆಮೇಲೆ ಉದ್ದನೆಯ ಒಣ ಪ್ಲಾಸ್ಟಿಕ್ ಕೋಲಿನ ತುದಿಗೆ ಕಟ್ಟಿದ, ಅರ್ತ್ ಆದ ತಂತಿಯಿಂದ ಕೆಪಾಸಿಟರ್‌ನ ಎರಡೂ ತುದಿಗಳನ್ನು ಮುಟ್ಟಿಸಿ. ಮೊದಲು ಒಂದೊಂದಾಗಿ, ನಂತರ ಒಂದಕ್ಕೊಂದು. ಪ್ರತಿ ಕೆಪಾಸಿಟರ್‌ಗೂ 10 ಮೆಗಾಓಮ್‌ನ ರೆಸಿಸ್ಟರ್ ಅಡ್ಡ ಹಾಕಿರಬೇಕು. ಹಾಕಿಲ್ಲದಿದ್ದರೆ ಮುಂದೆ ಓದುವುದನ್ನು ನಿಲ್ಲಿಸಿ ಅದನ್ನು ಮೊದಲು ಹಾಕಿ. ಒಬ್ಬರೇ ಇರುವಾಗ ಓಡಿಸಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಓಡಿಸಲೇಬೇಡಿ. ಸ್ಪಾರ್ಕ್ ಗ್ಯಾಪನ್ನು ಬರಿಗಣ್ಣಿಂದ ದಿಟ್ಟಿಸಬೇಡಿ, ಅದರ ಬೆಳಕು ವೆಲ್ಡಿಂಗ್ ಬೆಳಕಿನ ಜಾತಿಯದು. ಓಜೋನ್ ವಾಸನೆ ಬಂದರೆ ಕಿಟಕಿ ತೆರೆಯಿರಿ.

ಸರಿಯಾದ ಪ್ರೈಮರಿ ಹೇಗಿರುತ್ತದೆ

ದೋಷ ಗುರುತಿಸಬೇಕಾದರೆ ಸರಿ ಇರುವುದು ಹೇಗಿರುತ್ತದೆ ಅಂತ ಗೊತ್ತಿರಬೇಕು. ನನ್ನ ಕಾಯಿಲ್‌ನ ಲೆಕ್ಕವನ್ನೇ ಕೊಡುತ್ತೇನೆ. ಸೆಕೆಂಡರಿ 110 ಮಿಲಿಮೀಟರ್ ಪಿವಿಸಿ ಪೈಪಿನ ಮೇಲೆ ಸುಮಾರು 1,000 ಸುತ್ತು, ಎತ್ತರ 50 ಸೆಂಟಿಮೀಟರ್. ಟೋರಾಯ್ಡ್ ಇಟ್ಟಾಗ ಅದರ ಅನುರಣನ, ಅಂದರೆ ಅದು ತಾನಾಗಿ ಮಿಡಿಯುವ ಫ್ರೀಕ್ವೆನ್ಸಿ, 235 ಕಿಲೋಹರ್ಟ್ಸ್ ಆಸುಪಾಸು. ಕೆಪಾಸಿಟರ್ 15 ನ್ಯಾನೊಫ್ಯಾರಡ್. 0.15 ಮೈಕ್ರೊಫ್ಯಾರಡ್, 2,000 ವೋಲ್ಟ್‌ನ ಪಾಲಿಪ್ರೊಪಿಲೀನ್ ಕೆಪಾಸಿಟರ್ 10 ಸರಣಿಯಲ್ಲಿ ಜೋಡಿಸಿದ್ದು.

ಇಲ್ಲೊಂದು ಮಾತು. ಅಮೆರಿಕದವರ ಕೋಷ್ಟಕ ನೋಡಿ ಕೆಪಾಸಿಟರ್ ಆರಿಸಿದವರು ಗಮನಿಸಿ. ಅಲ್ಲಿ ಮನೆಯ ಕರೆಂಟ್ 60 ಹರ್ಟ್ಸ್, ನಮ್ಮಲ್ಲಿ 50. ಅದೇ ಟ್ರಾನ್ಸ್‌ಫಾರ್ಮರ್‌ಗೆ ನಮ್ಮಲ್ಲಿ ಕೆಪಾಸಿಟರ್ 1.2 ಪಟ್ಟು ದೊಡ್ಡದಿರಬೇಕು. ಕೆಪಾಸಿಟರ್ ಬದಲಾದರೆ ಪ್ರೈಮರಿಯ ಸುತ್ತೂ ಬದಲಾಗುತ್ತದೆ. ಬೇರೆಯವರ ಸುತ್ತಿನ ಲೆಕ್ಕವನ್ನು ಹಾಗೇ ಎತ್ತಿಕೊಂಡರೆ ಟ್ಯೂನ್ ಆಗುವ ಜಾಗವೇ ಸುರುಳಿಯ ಹೊರಗಿರಬಹುದು.

ಈ ಕೆಪಾಸಿಟರ್ ಜೊತೆ 235 ಕಿಲೋಹರ್ಟ್ಸ್‌ಗೆ ಹೊಂದಲು ಪ್ರೈಮರಿಗೆ ಸುಮಾರು 30 ಮೈಕ್ರೊಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಸುರುಳಿಯ ಗುಣ) ಬೇಕು. ಚಪ್ಪಟೆ ಸುರುಳಿಗೆ ರೇಡಿಯೊ ಎಂಜಿನಿಯರ್ ಹೆರಾಲ್ಡ್ ವೀಲರ್ 1928ರಲ್ಲಿ ಕೊಟ್ಟ ಸರಳ ಸೂತ್ರ ಸಾಕು. ಸರಾಸರಿ ತ್ರಿಜ್ಯದ ವರ್ಗವನ್ನು ಸುತ್ತುಗಳ ವರ್ಗದಿಂದ ಗುಣಿಸಿ. ತ್ರಿಜ್ಯದ 8 ಪಟ್ಟಿಗೆ ಸುರುಳಿ ಹರಡಿದ ಅಗಲದ 11 ಪಟ್ಟು ಕೂಡಿಸಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. ಅಳತೆ ಇಂಚಿನಲ್ಲಿ ಹಾಕಿದರೆ ಉತ್ತರ ಮೈಕ್ರೊಹೆನ್ರಿಯಲ್ಲಿ ಬರುತ್ತದೆ. ನನ್ನದರಲ್ಲಿ ಒಳ ತ್ರಿಜ್ಯ 3.75 ಇಂಚು. ಸುತ್ತಿನ ಮಧ್ಯದಿಂದ ಸುತ್ತಿನ ಮಧ್ಯಕ್ಕೆ ಅರ್ಧ ಇಂಚು. 9 ಸುತ್ತಿಗೆ ಸರಾಸರಿ ತ್ರಿಜ್ಯ 6, ಅಗಲ 4.5. ಅಂದರೆ 2916 ಭಾಗಿಸು 97.5, ಬರುವುದು 29.9. ಸರಿಯಾಗಿ ಹೊಂದಿತು. ಆದರೆ ಸುತ್ತಿದ್ದು 12. ಮೇಲೆ ಕಿಡಿ ಹೊರಟಾಗ ಆ ಕಿಡಿಯೇ ಒಂದು ಕೆಪಾಸಿಟರ್‌ನಂತೆ ಕೂತು ಸೆಕೆಂಡರಿಯ ಫ್ರೀಕ್ವೆನ್ಸಿಯನ್ನು ಕೆಳಗೆ ಎಳೆಯುತ್ತದೆ. ಆಗ ಟ್ಯಾಪ್ ಹೊರಗೆ ಸರಿಯಬೇಕು. ಅದಕ್ಕೆ ಜಾಗ ಇಟ್ಟಿರಬೇಕು.

ಪ್ರೈಮರಿ ಸುತ್ತಿದ ಕೊಳವೆ ಕಾಲು ಇಂಚಿನ ಮೆದು ತಾಮ್ರದ್ದು. ಫ್ರಿಜ್ ಮತ್ತು ಎಸಿ ರಿಪೇರಿಯವರು ಬಳಸುವಂಥದ್ದು. 50 ಅಡಿ ರೋಲ್‌ನಲ್ಲಿ ಬರುತ್ತದೆ, 12 ಸುತ್ತಿಗೆ 43 ಅಡಿ ಹಿಡಿಯುತ್ತದೆ. ಟೊಳ್ಳು ಕೊಳವೆ ಸಾಕೇ, ಗಟ್ಟಿ ಸಲಾಕೆ ಬೇಡವೇ ಅಂತ ಕೆಲವರು ಕೇಳುತ್ತಾರೆ. ಟೊಳ್ಳೇ ಸಾಕು. ಈ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ತಾಮ್ರದ ಮೈಮೇಲಿನ 0.14 ಮಿಲಿಮೀಟರ್‌ನಲ್ಲೇ ಹೆಚ್ಚಾಗಿ ಹರಿಯುತ್ತದೆ. ಒಳಗಿನ ತಾಮ್ರಕ್ಕೆ ಅಲ್ಲಿ ಕೆಲಸವೇ ಇಲ್ಲ.

ಇನ್ನು ಎರಡು ಸಂಖ್ಯೆ ನೆನಪಿಡಿ, ಮುಂದೆ ಬೇಕು. ಕೆಪಾಸಿಟರ್ ತುಂಬಿದಾಗ ಅದರ ಮೇಲೆ 12,700 ವೋಲ್ಟ್‌ವರೆಗೆ ಇರುತ್ತದೆ. ಅದು 9 ಸುತ್ತಿಗೆ ಹಂಚಿದರೆ ಅಕ್ಕಪಕ್ಕದ ಸುತ್ತುಗಳ ನಡುವೆ 1,400 ವೋಲ್ಟ್. ಗ್ಯಾಪ್ ಹೊತ್ತಿದ ಕ್ಷಣ ಪ್ರೈಮರಿಯಲ್ಲಿ ಹರಿಯುವ ಕರೆಂಟಿನ ಗರಿಷ್ಠ ಮಟ್ಟ 280 ಆಂಪಿಯರ್ ಹತ್ತಿರ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಆದರೂ 280 ಆಂಪಿಯರ್.

ಕತ್ತಲೆಯಲ್ಲಿ ನೋಡುವುದು

ಇದೇ ಮೊದಲ ಪರೀಕ್ಷೆ. ಖರ್ಚಿಲ್ಲ. ಫೋನನ್ನು ಸ್ಟ್ಯಾಂಡಿಗೆ ಹಾಕಿ ಮೂರು ನಾಲ್ಕು ಮೀಟರ್ ದೂರದಲ್ಲಿ, ಪ್ರೈಮರಿಯ ಮಟ್ಟಕ್ಕೆ ಇಡಿ. ವಿಡಿಯೊ ಶುರು ಮಾಡಿ. ಗ್ಯಾಪ್‌ನ ಬೆಳಕು ಕ್ಯಾಮೆರಾಕ್ಕೆ ಹೊಡೆಯದಂತೆ ಅಡ್ಡಕ್ಕೆ ಏನಾದರೂ ಇಡಿ. ದೀಪ ಆರಿಸಿ, ಐದು ಸೆಕೆಂಡ್ ಓಡಿಸಿ. ಆಮೇಲೆ ವಿಡಿಯೊವನ್ನು ನಿಧಾನಕ್ಕೆ ನೋಡಿ. ಕಣ್ಣು ಯಾವಾಗಲೂ ಮೇಲಿನ ಕಿಡಿಗೆ ಹೋಗಿಬಿಡುತ್ತದೆ. ಕ್ಯಾಮೆರಾ ಹಾಗಲ್ಲ, ಕೆಳಗಿನದನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿದಿರುತ್ತದೆ.

ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ತಕ್ಷಣ ಆಸರೆಯ ಪಟ್ಟಿಗಳನ್ನು ಒಂದೊಂದಾಗಿ ಕೈ ಹಿಂಬದಿಯಿಂದ ಮುಟ್ಟಿ ನೋಡಿ. ಯಾವುದಾದರೂ ಬೆಚ್ಚಗಿದ್ದರೆ ಅಲ್ಲೇ ದೋಷ. ಮೂಗನ್ನೂ ಬಳಸಿ. ಸುಟ್ಟ ಮರದ ವಾಸನೆ, ಸುಟ್ಟ ಪಿವಿಸಿಯ ಘಾಟು ಬೇರೆ ಬೇರೆ. ಒಮ್ಮೆ ಕಲಿತರೆ ಮರೆಯುವುದಿಲ್ಲ.

ಪಟ್ಟಿಯೊಳಗೆ ಹೊಳೆಯುವ ಗೆರೆ, ಕಂದು ಬಣ್ಣದ ಬೇರು

ನನಗೆ ಆಗಿದ್ದು ಇದು. ಅತಿ ಸಾಮಾನ್ಯವಾದ ದೋಷವೂ ಇದೇ. ಕೊಳವೆಗಳ ನಡುವೆ 6 ಮಿಲಿಮೀಟರ್ ಗಾಳಿ ಇದ್ದರೆ 1,400 ವೋಲ್ಟ್ ಅದನ್ನು ದಾಟುವುದಿಲ್ಲ. ಗಾಳಿ ಅದಕ್ಕಿಂತ ಹತ್ತು ಪಟ್ಟು ತಡೆಯುತ್ತದೆ. ಆದರೆ ಕೊಳವೆ ಕೂತಿರುವ ಪಟ್ಟಿಯ ಮೈ ಗಾಳಿಯಲ್ಲ. ಅದರಲ್ಲಿ ತೇವ, ಧೂಳು, ಕೈಯ ಬೆವರು ಇರುತ್ತದೆ. ಸ್ವಲ್ಪ ಕರೆಂಟ್ ಸೋರುತ್ತದೆ. ಸೋರಿದಲ್ಲಿ ಬಿಸಿಯಾಗುತ್ತದೆ, ಬಿಸಿಯಾದಲ್ಲಿ ಕರಿಯುತ್ತದೆ. ಕರಿದದ್ದು ಇದ್ದಿಲು. ಇದ್ದಿಲು ಕರೆಂಟ್ ಹರಿಸುತ್ತದೆ. ಮತ್ತೆ ಜಾಸ್ತಿ ಸೋರುತ್ತದೆ. ಮರದ ಬೇರಿನ ಹಾಗೆ ಕವಲೊಡೆದ ಕಂದು ಗೆರೆ ಕಂಡರೆ ಅದು ಇದೇ.

ಮಲ್ಟಿಮೀಟರ್ ಇಟ್ಟು ನೋಡಿ ಏನೂ ಸೋರುತ್ತಿಲ್ಲ ಅಂತ ಸಮಾಧಾನಪಡಬೇಡಿ. ಅದು ಒಂದೆರಡು ವೋಲ್ಟ್, ಹೆಚ್ಚೆಂದರೆ 9 ವೋಲ್ಟ್ ಹಾಕಿ ಅಳೆಯುತ್ತದೆ. ಇಲ್ಲಿ ನಡೆಯುವುದು ಸಾವಿರಾರು ವೋಲ್ಟಿನ ಆಟ. ಎಲೆಕ್ಟ್ರಿಷಿಯನ್ ಬಳಿ 1,000 ವೋಲ್ಟ್‌ನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಇದ್ದರೆ ಕೊಳವೆ ತೆಗೆದು, ಅದು ಕೂರುವ ಅಕ್ಕಪಕ್ಕದ ಎರಡು ಗುಂಡಿಗಳ ನಡುವೆ ಅಳೆಸಿ. ಒಳ್ಳೆಯ ಪಟ್ಟಿಯಲ್ಲಿ ಮುಳ್ಳು ಅಳತೆ ಮೀರಿ ಹೋಗಬೇಕು. ಕೆಲವೇ ಹತ್ತು ಮೆಗಾಓಮ್ ತೋರಿಸಿದರೆ ಆ ಪಟ್ಟಿ ಬೇಡ.

ಮೆಗ್ಗರ್ ಇಲ್ಲವೇ? ಇನ್ನೊಂದು ದಾರಿ ಇದೆ, ನನಗೆ ಇದೇ ಇಷ್ಟ. ಅನುಮಾನ ಇರುವ ಪಟ್ಟಿಗಳನ್ನು ತೆಗೆದು, ಸುರುಳಿಯನ್ನು ತಾತ್ಕಾಲಿಕವಾಗಿ ಒಣ ಪ್ಲಾಸ್ಟಿಕ್ ಡಬ್ಬಿಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕೂರಿಸಿ. ಅಡುಗೆಮನೆಯ ಬಿಳಿ ಡಬ್ಬಿ, ಐಸ್‌ಕ್ರೀಮ್ ಡಬ್ಬಿ ಯಾವುದಾದರೂ ಆಗುತ್ತದೆ. ಸುತ್ತುಗಳು ಒಂದಕ್ಕೊಂದು ತಾಗದಂತೆ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಟ್ಯಾಪ್ ಮುಟ್ಟಬೇಡಿ, ಗ್ಯಾಪ್ ಮುಟ್ಟಬೇಡಿ. ಐದು ಸೆಕೆಂಡ್ ಓಡಿಸಿ. ಕಿಡಿ ಮರಳಿ ಬಂದರೆ ತೀರ್ಪು ಸಿಕ್ಕಿತು. ನನ್ನ ಕಾಯಿಲ್ ಆ ಡಬ್ಬಿಗಳ ಮೇಲೆ ಕೂತ ಕೂಡಲೇ ಹಳೆಯ ಉದ್ದಕ್ಕೆ ಬಂದಿತ್ತು. ಆ ಸಂತೋಷ ಇವತ್ತಿಗೂ ನೆನಪಿದೆ.

ಕಂದು ಗೆರೆ ಬಿದ್ದ ಪಟ್ಟಿಗೆ ವಾರ್ನಿಷ್ ಬಳಿದು ಪ್ರಯೋಜನವಿಲ್ಲ. ಇದ್ದಿಲು ಒಳಗೇ ಉಳಿಯುತ್ತದೆ. ಉಳಿಯಿಂದ ಕೆತ್ತಿ ಪೂರ್ತಿ ತೆಗೆಯಬೇಕು, ಇಲ್ಲವೇ ಪಟ್ಟಿಯನ್ನೇ ಬದಲಿಸಬೇಕು. ಬದಲಿಸುವುದೇ ವಾಸಿ.

ಯಾವುದರಲ್ಲಿ ಮಾಡಬೇಕು

ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬೇಡ. ಸ್ಪಂಜಿನ ಹಾಗೆ ತೇವ ಹೀರುತ್ತದೆ. ಪ್ಲೈವುಡ್ ಬೇಸಿಗೆಯಲ್ಲಿ ನಡೆಯುತ್ತದೆ. ಬಯಲುಸೀಮೆಯಲ್ಲಿ ವರ್ಷಪೂರ್ತಿ ನಡೆದರೂ ನಡೆಯಬಹುದು. ಕರಾವಳಿ, ಮಲೆನಾಡಿನವರು ಅದರ ಮೇಲೆ ಭರವಸೆ ಇಡಬೇಡಿ. ಬಳಸಲೇಬೇಕಾದರೆ ಗುಂಡಿ ಕೊರೆದ ಮೇಲೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಗುಂಡಿಯ ಒಳಗೂ ಸೇರುವಂತೆ ಪಾಲಿಯುರೆಥೇನ್ ವಾರ್ನಿಷ್ ಎರಡು ಮೂರು ಸಲ ಹೊಡೆಯಿರಿ. ಕೊರೆಯುವ ಮೊದಲೇ ಹೊಡೆದರೆ ಗುಂಡಿಯ ಒಳಮೈ ಬೆತ್ತಲೆ ಉಳಿಯುತ್ತದೆ. ಕೊಳವೆ ಕೂರುವುದು ಅಲ್ಲೇ ಅಲ್ವಾ?

ಎಲೆಕ್ಟ್ರಿಕಲ್ ಅಂಗಡಿಯವರು ಬೇಕಲೈಟ್ ಶೀಟ್ ಕೊಡುತ್ತಾರೆ. ಕಂದು ಬಣ್ಣದ, ಕಾಗದದ ಪದರ ಇರುವ ಶೀಟ್. ಹೆಸರಿಗೆ ಇನ್ಸುಲೇಟರ್. ಆದರೆ ಮೈಮೇಲೆ ಕಿಡಿ ಹರಿದರೆ ಬೇಗ ಕರಿಯುತ್ತದೆ. ನಾನು ಬಳಸುವುದಿಲ್ಲ. ಅಕ್ರಿಲಿಕ್ ನೋಡಲು ಚೆಂದ, ಇನ್ಸುಲೇಶನ್ ಒಳ್ಳೆಯದು, ಆದರೆ ಕೊರೆಯುವಾಗ ಸೀಳುತ್ತದೆ. ನಿಧಾನಕ್ಕೆ, ನೀರು ಬಿಡುತ್ತಾ ಕೊರೆಯಬೇಕು. ಪಾಲಿಕಾರ್ಬೊನೇಟ್ ಸೀಳುವುದಿಲ್ಲ, ಬೆಲೆ ಜಾಸ್ತಿ.

ನಾನು ಕೊನೆಗೆ ಆರಿಸಿದ್ದು ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆ. ಅದು ಪಾಲಿಎಥಿಲೀನ್. ತೇವ ಹೀರುವುದಿಲ್ಲ, ಸೀಳುವುದಿಲ್ಲ, ಸಾಮಾನ್ಯ ಗರಗಸಕ್ಕೆ ಬಗ್ಗುತ್ತದೆ. ಕಪ್ಪು ಬಣ್ಣದ್ದು ಮಾತ್ರ ತೆಗೆದುಕೊಳ್ಳಬೇಡಿ. ಕಪ್ಪು ಬಣ್ಣ ಬರುವುದು ಹೆಚ್ಚಾಗಿ ಇಂಗಾಲದ ಪುಡಿಯಿಂದ. ನಾವು ದೂರವಿಡಲು ಹೊರಟಿರುವುದೇ ಇಂಗಾಲವನ್ನು.

ಕೊಳವೆ ಪಟ್ಟಿಯಲ್ಲಿ ಕೂರುತ್ತಿಲ್ಲ, ಪಟ್ಟಿ ಸೀಳುತ್ತಿದೆ

ಇದು ಕಟ್ಟುವಾಗಲೇ ಕಾಣುವ ತೊಂದರೆ. ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ: ಎಲ್ಲ ಪಟ್ಟಿಗಳಲ್ಲೂ ಗುಂಡಿಗಳನ್ನು ಒಂದೇ ಅಳತೆಯಲ್ಲಿ ಕೊರೆದಿರುತ್ತಾರೆ. ಸುರುಳಿ ಅಂದರೆ ವೃತ್ತಗಳ ಸಾಲಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಕೊಳವೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ಹೊರಗೆ ಸರಿದಿರಬೇಕು. ಆರು ಪಟ್ಟಿ ಇದ್ದರೆ ಪ್ರತಿ ಪಟ್ಟಿಯ ಗುಂಡಿಗಳು ಹಿಂದಿನ ಪಟ್ಟಿಗಿಂತ 2.1 ಮಿಲಿಮೀಟರ್ ಹೊರಗಿರಬೇಕು. ಎಂಟು ಪಟ್ಟಿಗೆ 1.6. ನಾಲ್ಕು ಪಟ್ಟಿಗೆ 3.2. ಇದನ್ನು ಮರೆತರೆ ಆರನೇ ಪಟ್ಟಿಯಿಂದ ಮೊದಲನೆಯದಕ್ಕೆ ಬರುವಾಗ ಕೊಳವೆ ಒಮ್ಮೆಲೇ ಅರ್ಧ ಇಂಚು ಹಾರಬೇಕಾಗುತ್ತದೆ. ಅಲ್ಲಿ ಕೊಳವೆ ಮಡಚುತ್ತದೆ, ಪಟ್ಟಿ ಸೀಳುತ್ತದೆ, ಪಕ್ಕದ ಸುತ್ತು ಹತ್ತಿರ ಬರುತ್ತದೆ. ಪಟ್ಟಿಗಳಿಗೆ 1, 2, 3 ಅಂತ ನಂಬರ್ ಬರೆದಿಡಿ. ಜೋಡಿಸುವಾಗ ಅದಲುಬದಲಾದರೂ ಇದೇ ಗತಿ.

43 ಅಡಿ ಕೊಳವೆಯನ್ನು ಗುಂಡಿಯೊಳಗೆ ತೂರಿಸುವುದು ಬೆವರಿಳಿಸುವ ಕೆಲಸ. ಬೇರೆ ಉಪಾಯ ಇದೆ. ಮಣೆಯ ತುಂಡಿನಲ್ಲಿ 6.5 ಮಿಲಿಮೀಟರ್ ಗುಂಡಿಗಳ ಸಾಲು ಕೊರೆಯಿರಿ. ಆಮೇಲೆ ಗುಂಡಿಗಳ ಮಧ್ಯಕ್ಕಿಂತ ಒಂದು ಮಿಲಿಮೀಟರ್ ಮೇಲೆ ಉದ್ದಕ್ಕೂ ಗರಗಸದಿಂದ ಕತ್ತರಿಸಿ. ಈಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗುಂಡಿ ಉಳಿದಿರುತ್ತದೆ. ಕೊಳವೆಯನ್ನು ಮೇಲಿನಿಂದ ಒತ್ತಿದರೆ ಟಕ್ ಅಂತ ಕೂರುತ್ತದೆ, ತಾನಾಗಿ ಏಳುವುದಿಲ್ಲ. ಪಾಲಿಎಥಿಲೀನ್ ಬಾಗುವುದರಿಂದ ಇದು ಸಾಧ್ಯ. ಅಕ್ರಿಲಿಕ್‌ನಲ್ಲಿ ಹೀಗೆ ಮಾಡಲು ಹೋದರೆ ತುಟಿ ಮುರಿಯುತ್ತದೆ.

ತಾಮ್ರವನ್ನು ರೋಲಿನಿಂದ ನೇರ ಮಾಡಿ ಮತ್ತೆ ಸುತ್ತಬೇಡಿ. ಮೆದು ತಾಮ್ರ ಪ್ರತಿ ಸಲ ಬಾಗಿದಾಗಲೂ ಗಟ್ಟಿಯಾಗುತ್ತಾ ಹೋಗುತ್ತದೆ. ಎರಡು ಮೂರು ಸಲ ಬಗ್ಗಿಸಿದರೆ ನಿಮ್ಮ ಮಾತು ಕೇಳುವುದಿಲ್ಲ. ರೋಲಿನ ಸುತ್ತನ್ನೇ ಉಳಿಸಿಕೊಂಡು ಒಳಗಿನಿಂದ ಹೊರಕ್ಕೆ ಬಿಡಿಸುತ್ತಾ ಬನ್ನಿ. ಜಜ್ಜಿಹೋದ ಜಾಗ ಇದ್ದರೂ ಕರೆಂಟಿಗೆ ತೊಂದರೆ ಇಲ್ಲ. ಚೂಪು ಮೂಲೆ ಎದ್ದಿದ್ದರೆ ಮಾತ್ರ ಅರದಿಂದ ಉಜ್ಜಿ, ಅಲ್ಲಿಂದ ಕಿಡಿ ಹೊರಡುತ್ತದೆ.

ಟ್ಯಾಪ್ ಎಲ್ಲಿಟ್ಟರೂ ಟ್ಯೂನ್ ಆಗುತ್ತಿಲ್ಲ

ಕೆಳಗೆ ಎಲ್ಲೂ ಹೊಳಪಿಲ್ಲ, ಬಿಸಿಯಿಲ್ಲ, ಆದರೂ ಕಿಡಿ ಬರುತ್ತಿಲ್ಲ ಅನ್ನುವವರಿಗೆ ಈ ಭಾಗ. ಇಲ್ಲಿ ಅನುಮಾನ ಪಡಬೇಕಾದ್ದು ಎಲ್ಲೋ ಒಂದು ಲೋಹದ ಬಳೆ ಪೂರ್ತಿಯಾಗಿ ಮುಚ್ಚಿಕೊಂಡಿದೆಯೇ ಅಂತ. ಪ್ರೈಮರಿಯ ಪಕ್ಕದಲ್ಲಿ ಮುಚ್ಚಿದ ಬಳೆ ಇದ್ದರೆ ಅದೂ ಒಂದು ಸುತ್ತಿನ ಸೆಕೆಂಡರಿ ಆಗುತ್ತದೆ. ಶಕ್ತಿ ಕುಡಿಯುತ್ತದೆ, ಪ್ರೈಮರಿಯ ಇಂಡಕ್ಟೆನ್ಸನ್ನೂ ಇಳಿಸುತ್ತದೆ.

ಬಳೆ ಎಲ್ಲೆಲ್ಲಿ ಅಡಗಿರುತ್ತದೆ? ಜೋತುಬಿದ್ದ ಎರಡು ಸುತ್ತು ಪಟ್ಟಿಗಳ ನಡುವೆ ಒಂದಕ್ಕೊಂದು ತಾಗಿರಬಹುದು. ಆಸರೆ ನಾಲ್ಕೇ ಇದ್ದರೆ ಹೊರಗಿನ ದೊಡ್ಡ ಸುತ್ತುಗಳು ಜೋಲುತ್ತವೆ. ಸೆಕೆಂಡರಿಯ ಬುಡ ಹಿಡಿದಿಡಲು ಹಾಕಿದ ಲೋಹದ ಕ್ಲ್ಯಾಂಪ್ ಇರಬಹುದು. ಸುರುಳಿಯ ಕೆಳಗೆ ಕಬ್ಬಿಣದ ಟೇಬಲ್ ಅಥವಾ ಅಲ್ಯೂಮಿನಿಯಂ ಹಾಳೆ ಇರಬಹುದು. ಇಡೀ ಕಾಯಿಲನ್ನು ಒಂದು ಪ್ಲಾಸ್ಟಿಕ್ ಸ್ಟೂಲ್ ಮೇಲೆ ಎತ್ತಿಟ್ಟು ಓಡಿಸಿ. ವರ್ತನೆ ಬದಲಾದರೆ ಕೆಳಗಿನ ಲೋಹವೇ ಕಾರಣ. ಪಟ್ಟಿಗಳನ್ನು ಕೂಡಿಸಿದ ಒಂದೊಂದು ಸ್ಕ್ರೂ ಅಷ್ಟೇನೂ ಕೆಡಿಸುವುದಿಲ್ಲ, ಆದರೆ ನಾನು ನೈಲಾನ್ ಸ್ಕ್ರೂ ಮತ್ತು ಕೇಬಲ್ ಟೈ ಬಳಸುತ್ತೇನೆ. ಕೊಳವೆಯ ಪಕ್ಕ ಬರುವ ಚೂಪು ಮೊಳೆಯ ತುದಿಗೆ ಆರ್ಕ್ ಹಾರುವ ಭಯವೂ ಇರುತ್ತದೆ.

ಸಿಗ್ನಲ್ ಜನರೇಟರ್ ಮತ್ತು ಆಸಿಲೋಸ್ಕೋಪ್ ಸಿಕ್ಕರೆ ಊಹೆ ಬೇಡ, ಅಳೆದೇ ನೋಡಬಹುದು. ಕಾಲೇಜಿನ ಲ್ಯಾಬ್‌ನಲ್ಲಿ ಒಂದು ಗಂಟೆ ಸಿಕ್ಕರೂ ಸಾಕು. ಟ್ರಾನ್ಸ್‌ಫಾರ್ಮರ್ ತಂತಿಗಳನ್ನು ಪೂರ್ತಿ ಬಿಚ್ಚಿ ದೂರ ಇಡಿ. ಸೆಕೆಂಡರಿಯನ್ನು ಎತ್ತಿ ಪಕ್ಕಕ್ಕಿಡಿ. ಸ್ಪಾರ್ಕ್ ಗ್ಯಾಪನ್ನು ತುಂಡು ತಂತಿಯಿಂದ ಜೋಡಿಸಿ. ಈಗ ಕೆಪಾಸಿಟರ್ ಮತ್ತು ಪ್ರೈಮರಿ ಸೇರಿ ಒಂದು ಮುಚ್ಚಿದ ಸರ್ಕ್ಯೂಟ್. 10 ಕಿಲೋಓಮ್ ರೆಸಿಸ್ಟರ್ ಮೂಲಕ ಜನರೇಟರ್‌ನಿಂದ ಪ್ರೈಮರಿಗೆ ಸಿಗ್ನಲ್ ಕೊಡಿ. ಅದರ ಅಡ್ಡಕ್ಕೆ ಸ್ಕೋಪ್ ಹಾಕಿ. ಫ್ರೀಕ್ವೆನ್ಸಿ ಏರಿಸುತ್ತಾ ಹೋದರೆ ಒಂದು ಕಡೆ ಅಲೆ ಎದ್ದು ನಿಲ್ಲುತ್ತದೆ. ನನ್ನದರಲ್ಲಿ 9ನೇ ಸುತ್ತಿಗೆ ಟ್ಯಾಪ್ ಇದ್ದಾಗ ಲೆಕ್ಕದ ಪ್ರಕಾರ 237 ಕಿಲೋಹರ್ಟ್ಸ್ ಬರಬೇಕು. ಅದಕ್ಕಿಂತ ತುಸು ಕೆಳಗೆ ಬಂದರೆ ಗಾಬರಿ ಬೇಡ. ಗ್ಯಾಪ್‌ನಿಂದ ಟ್ಯಾಪ್‌ಗೆ ಹೋಗುವ ಮೀಟರ್ ಉದ್ದದ ತಂತಿಯೂ ಸುಮಾರು ಒಂದು ಮೈಕ್ರೊಹೆನ್ರಿ ಸೇರಿಸುತ್ತದೆ. ಆದರೆ ಲೆಕ್ಕಕ್ಕಿಂತ ಬಹಳ ಮೇಲೆ ಬಂದರೆ, ಅಲೆಯ ತುದಿ ಚೂಪಾಗಿರದೆ ಗುಡ್ಡದ ಹಾಗೆ ಹರಡಿಕೊಂಡಿದ್ದರೆ, ಎಲ್ಲೋ ಸುತ್ತು ಸುತ್ತಿಗೆ ತಾಗಿದೆ ಅಥವಾ ಬಳೆ ಮುಚ್ಚಿದೆ. ಒಂದೊಂದೇ ಲೋಹದ ವಸ್ತು ತೆಗೆಯುತ್ತಾ ನೋಡಿ. ಯಾವುದನ್ನು ತೆಗೆದಾಗ ತುದಿ ಚೂಪಾಯಿತೋ ಅದೇ ಕಳ್ಳ.

ಎಲ್ಲ ಸರಿ ಇದ್ದ ಮೇಲೆ ಟ್ಯಾಪ್ ಸರಿಸುವ ಸರದಿ. ಕಾಲು ಸುತ್ತು, ಕಾಲು ಸುತ್ತು. ಲೆಕ್ಕದ ಜಾಗದಿಂದ ಹೊರಗಡೆಗೆ. ಪ್ರತಿ ಸಲ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ.

ಟ್ಯಾಪ್ ಬಿಸಿಯಾಗುತ್ತದೆ

ಮೊಸಳೆ ಕ್ಲಿಪ್ ಹಾಕಿದ್ದೀರಾ? ಅದರ ಹಲ್ಲುಗಳು ದುಂಡು ಕೊಳವೆಯನ್ನು ಎರಡು ಮೂರು ಚುಕ್ಕೆಗಳಲ್ಲಿ ಮಾತ್ರ ಮುಟ್ಟುತ್ತವೆ. ಅದರ ಮೂಲಕ 280 ಆಂಪಿಯರ್ ಹೋಗಬೇಕು. ಕೊಳವೆಯ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿರುವುದು, ಕ್ಲಿಪ್ ನೀಲಿಯಾಗಿರುವುದು ಕಂಡರೆ ಕಾರಣ ಇದೇ. ಗಾಜಿನ ಫ್ಯೂಸ್ ಹಿಡಿಯುವ ಹಿತ್ತಾಳೆ ಕ್ಲಿಪ್ ತನ್ನಿ. 6.3 ಮಿಲಿಮೀಟರ್ ದಪ್ಪದ ಫ್ಯೂಸ್‌ಗೆ ಮಾಡಿದ್ದು ಕಾಲು ಇಂಚಿನ ಕೊಳವೆಯನ್ನು ಅಳತೆ ಕೊಟ್ಟು ಮಾಡಿಸಿದ ಹಾಗೆ ಅಪ್ಪಿಕೊಳ್ಳುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಸುಲಭವಾಗಿ ಸಿಗುತ್ತದೆ. ಎರಡು ಕ್ಲಿಪ್ ಅಕ್ಕಪಕ್ಕ ಬೆಸೆದು, ಅದಕ್ಕೆ ಕೋಆಕ್ಸಿಯಲ್ ಕೇಬಲ್ಲಿನ ಹೊರಗಿನ ತಾಮ್ರದ ಜಡೆಯನ್ನು ಬೆಸೆಯಿರಿ. ಜಡೆ ಚಪ್ಪಟೆ ಇರುವುದರಿಂದ ಮೈ ಜಾಸ್ತಿ, ಈ ಫ್ರೀಕ್ವೆನ್ಸಿಗೆ ಅದೇ ಬೇಕಾದ್ದು.

ಅಟ್ಟದಲ್ಲಿ ಇಟ್ಟು ತೆಗೆದ ಸುರುಳಿ ಕಪ್ಪಾಗಿದ್ದರೆ ಹುಣಸೆಹಣ್ಣು ಸಾಕು. ಪೂಜೆಯ ತಂಬಿಗೆ ಉಜ್ಜಿದಂತೆ ಉಜ್ಜಿ, ನೀರಲ್ಲಿ ಚೆನ್ನಾಗಿ ತೊಳೆದು ಒರೆಸಿ. ಹುಳಿಯ ಅಂಟು ಪಟ್ಟಿಯ ಗುಂಡಿಗಳಲ್ಲಿ ಉಳಿಯಬಾರದು. ಅದಕ್ಕೇ ಕೊಳವೆಯನ್ನು ಪಟ್ಟಿಯಿಂದ ಬಿಡಿಸಿ ಮಾಡುವುದು ಒಳ್ಳೆಯದು.

ಸೆಕೆಂಡರಿಯ ಮೈಮೇಲೆ ಓಡುವ ಕಿಡಿ

ಟೋರಾಯ್ಡ್‌ನಿಂದ ಹೊರಡುವ ಬದಲು ಸೆಕೆಂಡರಿಯ ಸುತ್ತುಗಳ ಮೇಲೆ ಕಿಡಿ ಜಾರುತ್ತಾ ಓಡಾಡಿದರೆ ತಕ್ಷಣ ನಿಲ್ಲಿಸಿ. ತಂತಿಯ ಎನಾಮೆಲ್ ಹೊದಿಕೆ ಸುಟ್ಟರೆ ಸಾವಿರ ಸುತ್ತೂ ಹೊಸದಾಗಿ ಸುತ್ತಬೇಕು. ಪ್ರೈಮರಿ ಮತ್ತು ಸೆಕೆಂಡರಿಯ ನಡುವಿನ ಕಾಂತೀಯ ನಂಟು (ಕಪ್ಲಿಂಗ್) ತೀರಾ ಗಾಢವಾದಾಗ ಹೀಗಾಗುತ್ತದೆ. ಇಂಥ ಕಾಯಿಲ್‌ಗೆ ಈ ನಂಟಿನ ಪ್ರಮಾಣ 0.1ರಿಂದ 0.2ರ ಒಳಗೆ ಇರಬೇಕು. ಸೆಕೆಂಡರಿಯನ್ನು ಒಂದೊಂದು ಸೆಂಟಿಮೀಟರ್ ಎತ್ತುತ್ತಾ ಹೋಗಿ, ಕಿಡಿ ಓಡುವುದು ನಿಂತಲ್ಲಿ ಬಿಡಿ. ಸೆಕೆಂಡರಿಯ ಮೊದಲ ಸುತ್ತು ಪ್ರೈಮರಿಯ ಮಟ್ಟದಲ್ಲಿ ಅಥವಾ ತುಸು ಮೇಲೆ ಇರಬೇಕು, ಕೆಳಗೆ ಎಂದೂ ಇರಬಾರದು. ಟ್ಯೂನಿಂಗ್ ತಪ್ಪಿದ್ದರೂ ಇದೇ ಲಕ್ಷಣ ಬರುತ್ತದೆ. ಆದ್ದರಿಂದ ಗ್ಯಾಪ್ ಕಿರಿದು ಮಾಡಿ, ಕಡಿಮೆ ಶಕ್ತಿಯಲ್ಲಿ ಟ್ಯೂನಿಂಗ್ ಸರಿಪಡಿಸಿಕೊಂಡು ಆಮೇಲೆ ಎತ್ತರಕ್ಕೆ ಕೈ ಹಾಕಿ. ಪ್ರೈಮರಿಯನ್ನು ತಟ್ಟೆಯ ಹಾಗೆ ಅಂಚು ಮೇಲೆದ್ದಂತೆ ಕಟ್ಟಿದವರಿಗೆ ಈ ತೊಂದರೆ ಹೆಚ್ಚು.

ಪಟ್ಟಿಯ ಒಳತುದಿ ಸೆಕೆಂಡರಿಯ ಪೈಪಿಗೆ ತಾಗಿಕೊಂಡಿದೆಯೇ ಅಂತಲೂ ನೋಡಿ. ಬಿಗಿಯಾಗಿ ನಿಲ್ಲಲಿ ಅಂತ ಹಾಗೆ ಮಾಡುವವರಿದ್ದಾರೆ. ಅದು ಪ್ರೈಮರಿಯಿಂದ ಸೆಕೆಂಡರಿಗೆ ಸೇತುವೆ ಕಟ್ಟಿದಂತೆ. ಎರಡು ಸೆಂಟಿಮೀಟರ್ ಕತ್ತರಿಸಿ.

ಒಳತುದಿಯ ತಂತಿ

ಇದನ್ನು ಹೇಳದೆ ಬಿಡಲಾರೆ. ಸುರುಳಿಯ ಒಳತುದಿಯಿಂದ ಹೊರಗೆ ಬರುವ ತಂತಿ ಎಲ್ಲ ಸುತ್ತುಗಳ ಅಡಿಯಲ್ಲಿ ಹಾದು ಬರಬೇಕು. ಅಕ್ಕಪಕ್ಕದ ಸುತ್ತುಗಳ ನಡುವೆ 1,400 ವೋಲ್ಟ್ ಇದ್ದರೆ, ಈ ತಂತಿ ಮತ್ತು ಟ್ಯಾಪ್ ಇರುವ ಹೊರಗಿನ ಸುತ್ತಿನ ನಡುವೆ ಪೂರ್ತಿ 12,700 ವೋಲ್ಟ್. ಅದನ್ನು ಕೊಳವೆಗೆ ತಾಗಿದ ಹಾಗೆ, ಪಟ್ಟಿಗೆ ಕಟ್ಟಿಕೊಂಡು ತಂದರೆ ಆರ್ಕ್ ಹಾರಿಯೇ ಹಾರುತ್ತದೆ. ತಂತಿಯ ಮೇಲೆ ಸಾಮಾನ್ಯ ಪಿವಿಸಿ ಹೊದಿಕೆ ಇದ್ದರೂ ಉಳಿಯುವುದಿಲ್ಲ. ಒಳತುದಿಯಿಂದ ತಂತಿಯನ್ನು ನೇರ ಕೆಳಗೆ ಇಳಿಸಿ, ಕನಿಷ್ಠ ಐದಾರು ಸೆಂಟಿಮೀಟರ್ ಕೆಳಗೆ ಪಾಲಿಎಥಿಲೀನ್ ಕೊಳವೆಯೊಳಗೆ ಹೊರಗೆ ತನ್ನಿ. ಸೆಕೆಂಡರಿಯ ಅರ್ತ್ ತಂತಿಯನ್ನು ಬೇರೆ ದಿಕ್ಕಿನಲ್ಲಿ ಒಯ್ಯಿರಿ. ಆ ಅರ್ತ್ ಮನೆಯ ಅರ್ತ್ ಆಗಿರಬಾರದು. ಅಂಗಳದಲ್ಲಿ ಬೇರೆಯೇ ಸಲಾಕೆ ಹೊಡೆಯಿರಿ.

ಮೇಲಿನ ಕಿಡಿ ಪ್ರೈಮರಿಗೆ ಬಡಿಯುತ್ತದೆ

ಕಾಯಿಲ್ ಚೆನ್ನಾಗಿ ಓಡಲು ಶುರುವಾದ ಮೇಲೆ ಬರುವ ತೊಂದರೆ ಇದು. ಟೋರಾಯ್ಡ್‌ನ ಕಿಡಿ ಕೆಳಗೆ ಬಾಗಿ ಪ್ರೈಮರಿಗೆ ಬಡಿದರೆ ಆ ವೋಲ್ಟೇಜ್ ನೇರ ಕೆಪಾಸಿಟರ್‌ಗೆ, ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಇನ್ನೊಂದು ಹುಡುಕುವುದು ಕಷ್ಟ. ಬೋರ್ಡಿನವರೆಲ್ಲ ಎಲ್‌ಇಡಿಗೆ ಹೋಗಿದ್ದಾರೆ. ಹಳೆಯ ಕಬ್ಬಿಣದ ಕೋರ್ ಇರುವ ಮಾದರಿ ಈಗ ಅಪರೂಪ.

ಕಾವಲಿಗೆ ಹೊರಗಿನ ಸುತ್ತಿಗಿಂತ ನಾಲ್ಕೈದು ಸೆಂಟಿಮೀಟರ್ ಮೇಲೆ ಇನ್ನೊಂದು ತಾಮ್ರದ ಬಳೆ ಹಾಕಿ, ಅದನ್ನು ಆ ಬೇರೆ ಅರ್ತ್‌ಗೆ ಸೇರಿಸುತ್ತಾರೆ. ಒಳ್ಳೆಯ ಉಪಾಯ. ಆದರೆ ಬಳೆ ಪೂರ್ತಿ ಮುಚ್ಚಬಾರದು. ಎರಡು ತುದಿಗಳ ನಡುವೆ ಎರಡು ಮೂರು ಸೆಂಟಿಮೀಟರ್ ಬಿಡಿ. ಅರ್ತ್ ತಂತಿಯನ್ನು ಒಂದೇ ಕಡೆ ಸೇರಿಸಿ. ಬಳೆ ಹಾಕಿದ ದಿನದಿಂದ ಕಿಡಿ ಕುಗ್ಗಿತು ಅನ್ನುವವರ ಕಾಯಿಲ್‌ನಲ್ಲಿ ನಾನು ನೋಡುವುದು ಆ ತುದಿಗಳನ್ನೇ. ಚೆಂದ ಕಾಣಲಿ ಅಂತ ಬೆಸೆದುಬಿಟ್ಟಿರುತ್ತಾರೆ. ಗರಗಸದಿಂದ ಒಂದು ಕಡೆ ಕತ್ತರಿಸಿದರೆ ಸಾಕು.

ಬಳೆ ಹಾಕಿದ ಮೇಲೆ ಟ್ಯಾಪ್ ತುಸು ಸರಿಸಬೇಕಾಗಬಹುದು. ನನ್ನದು ಈಗ 9 ಮುಕ್ಕಾಲು ಸುತ್ತಿನಲ್ಲಿದೆ. ಆ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ, ತಾರೀಖು ಬರೆದು, ಫೋಟೊ ತೆಗೆದಿಟ್ಟಿದ್ದೇನೆ. ಮುಂದಿನ ಜುಲೈನಲ್ಲಿ ಕಿಡಿ ಕುಗ್ಗಿದರೆ ಆ ಗುರುತನ್ನು ಮುಟ್ಟದೆ ಮೊದಲು ದೀಪ ಆರಿಸುತ್ತೇನೆ.